ಮೂರು ಕೋಣೆ, ಒಂದು ಹಕ್ಕಿ

ಪಾಠಪುಸ್ತಕದಲ್ಲಿ ಕಿತ್ತಳೆ ಬಣ್ಣದ ಮೀನೊಂದು
ಕಡಲಹೂವಿನೊಳಗೆ ಅಡಗಿ ಕೂತಿದೆ.
ಏಳನೇ ತರಗತಿಯ ನಲವತ್ತೊಂದು ಮಂದಿಯಲ್ಲಿ
ಕಡಲು ಕಂಡವರು ಯಾರೂ ಇಲ್ಲ.
ನಮ್ಮ ನಿಯಾಸಾದಿಂದ ಅಲ್ಲಿಗೆ ಎರಡು ದಿನದ ಬಸ್ಸು,
ಅದೂ ಸೇತುವೆ ಕೊಚ್ಚಿಹೋಗದಿದ್ದರೆ.

ಅತೀಜಾ ಟೀಚರು ಪುಸ್ತಕ ಮುಚ್ಚಿ
ಹಲಗೆಯ ಮೇಲೆ ಎರಡು ಗೆರೆ ಎಳೆದರು, ಮೂರು ಕೋಣೆ:
ಇಬ್ಬರಿಗೂ ಲಾಭ.
ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ಏನೂ ಇಲ್ಲ.
ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ.
"ಮೂರಕ್ಕೂ ಒಂದೇ ಹೆಸರು, ಸಹಜೀವನ.
ಕೂಡಿ ಬಾಳುವುದೆಂದರೆ ಕೂಡಿ ನಗುವುದು ಅಂತಲ್ಲ"
ಎಂದವರೇ ಸೀಮೆಸುಣ್ಣ ಜೇಬಿಗಿಟ್ಟು ಹೊರಗೆ ನಡೆದರು.

ಹೊರಗೆ ಅಸ್ಸುಮಾನೆಯ ಅಪ್ಪ ಬ್ವನಾಲಿ,
ಹೆಗಲಿಗೆ ಕೊಡಲಿ, ಕೈಯಲ್ಲಿ ಹಳೇ ಬಣ್ಣದ ಡಬ್ಬಿ.
ತುಟಿ ನಡುಗಿಸಿ ಕೂಗಿದ:
ಬ್ರ್ರ್ರ್ರ್... ಹ್ಮ್!
ಅವನಿಗೆ ಅವನಪ್ಪ ಕಲಿಸಿದ ಕೂಗು, ಅಪ್ಪನಿಗೆ ಅಜ್ಜ.
ಹಕ್ಕಿಗೆ ಯಾರು ಕಲಿಸಿದರೋ.

ಬಂತು ಸೇಗೊ, ಬೂದಿ ಬಣ್ಣದ ಬಡಪಾಯಿ,
ಬೆಂಕಿಪೊಟ್ಟಣ ಅಲ್ಲಾಡಿಸಿದ ಹಾಗೆ ಚಟಚಟ ಸದ್ದು.
ಒಂದು ಮರ ಹಾರುವುದು, ಕೂರುವುದು,
ಬರುತ್ತೀರೋ ಇಲ್ಲವೋ ಎಂದು ತಿರುಗಿ ನೋಡುವುದು.
ಜೇನೆಲ್ಲಿ ಅಂತ ಅದಕ್ಕೆ ಗೊತ್ತು, ಮರ ಸೀಳಲಾರದು.
ಬ್ವನಾಲಿ ಸೀಳಬಲ್ಲ, ಹೊಗೆ ಹಾಕಬಲ್ಲ; ಎಲ್ಲಿ ಅಂತ ತಿಳಿಯದು.
ಕಣ್ಣು ಒಬ್ಬರದು, ಕೈ ಒಬ್ಬರದು.

ತುಪ್ಪ ಡಬ್ಬಿಗೆ. ಮೇಣದ ಹಲ್ಲೆ
ಹಸಿರೆಲೆಯ ಮೇಲೆ, ಹಕ್ಕಿಗೆ.
"ಕೂಲಿ ಬಾಕಿ ಇಡಬಾರದು" ಅಂದ ಬ್ವನಾಲಿ.
ಚೆಲ್ಲಿದ ಹನಿಗೆ ಇರುವೆ ಮುತ್ತಿದವು,
ಯಾರೂ ಕರೆದಿರಲಿಲ್ಲ, ಯಾರಿಗೂ ನಷ್ಟವಿಲ್ಲ.
"ಎರಡನೇ ಕೋಣೆ!" ಕಿರುಚಿದೆವು, ಬಾಯಿತುಂಬ ಜೇನು.

ಆಗ ಅವೇತು ಬೆರಳು ನೆಕ್ಕುವುದು ನಿಲ್ಲಿಸಿ ಹೇಳಿದಳು:
"ಅಜ್ಜಿಯ ಗಡಿಗೆಗೆ ಮಣ್ಣು ತರಲು ಹೋಗಿದ್ದೆ, ಟೀಚರ್.
ಹೊಳೆದಂಡೆ ಕುಸಿದು ಕಳ್ಳಿಪೀರದ ಗೂಡು ಬಾಯಿಬಿಟ್ಟಿತ್ತು.
ಒಳಗೆ ಸೇಗೊ ಮರಿ, ಕಣ್ಣೇ ಬಿಟ್ಟಿಲ್ಲ,
ಕೊಕ್ಕಿನ ತುದಿಗೆ ಮುಳ್ಳಿನಂಥ ಕೊಂಡಿ.
ಮನೆಯ ಮರಿ ಮೂರೂ ಚುಚ್ಚಿಸಿಕೊಂಡು ಸತ್ತಿದ್ದವು.
ತಾಯಿ ಕಳ್ಳಿಪೀರ ಏರೋಪ್ಲೇನ್ ಚಿಟ್ಟೆ ಹಿಡಿದು ತಂದು
ಕೊಂದದ್ದಕ್ಕೇ ತುತ್ತು ಕೊಡುತ್ತಿತ್ತು.
ಅದೇ ಹಕ್ಕಿ, ಟೀಚರ್. ಯಾವ ಕೋಣೆ?"

ಬ್ವನಾಲಿ ಕೊಡಲಿಯ ಅಲಗು ಒರೆಸುತ್ತಾ ನಿಂತ.
ಎಲೆಯ ಮೇಲಿನ ಮೇಣವನ್ನು ತೆಗೆಯಲಿಲ್ಲ.

ತರಗತಿಗೆ ಬಂದು ಟೀಚರು
ಮೊದಲ ಕೋಣೆಯಲ್ಲಿ ಬರೆದರು: ಸೇಗೊ, ಬ್ವನಾಲಿಯ ಜೊತೆ.
ಮೂರನೆಯದರಲ್ಲಿ: ಸೇಗೊ, ಕಳ್ಳಿಪೀರದ ಜೊತೆ. ಪರಾವಲಂಬಿ.
"ಕೋಣೆ ಹಕ್ಕಿಯದಲ್ಲ, ಜೊತೆಯದು" ಅಂದರು,
ಅಷ್ಟು ಹೊತ್ತು ಸುಮ್ಮನಿದ್ದು.

ಅವರ ಬೆರಳಲ್ಲೂ ಜೇನಿತ್ತು.
ಮರುದಿನ ಬಾಗಿಲು ತೆಗೆದಾಗ
ಹಲಗೆಯ ಗೆರೆ ಹಿಡಿದು
ಇರುವೆ ಸಾಲಾಗಿ ನಡೆದಿತ್ತು.