ಒಂದೇ ರಿಂಗು

ಶುಕ್ರವಾರ ಅರ್ಧ ದಿನ ರಜ, ಅಂದಳು ಶಮಶಾದ್.
ಅರ್ಧ ಯಾವುದು? ಮಧ್ಯಾಹ್ನದ ಮೇಲಿನದು.
ಮಧ್ಯಾಹ್ನದ ಮೇಲೆ ಹುಟ್ಟುವ ಸೂರ್ಯನನ್ನು
ಶಿಡ್ಲಘಟ್ಟದಲ್ಲಿ ಯಾರೂ ಕಂಡವರಿಲ್ಲ.
ಹಾಗಾಗಿ ಮಾತು ಅಲ್ಲೇ ನಿಂತಿತು, ಮೂರು ವಾರ,
ಬೇಸಿನ್ನಿನ ಮೇಲೆ ಹಬೆಯಾಗಿ.

ನಮ್ಮ ಬೆಳಗು ಶುರುವಾಗೋದು ಐದಕ್ಕೆ.
ಮೊದಲ ಲಾಟು ಗೂಡು ಬೆಂದು ಬರುವಾಗ
ಬಾಗಿಲ ಆಚೆ ಇನ್ನೂ ಕತ್ತಲು.
ಎಳೆ ಹುಡುಕಿ, ಎಳೆ ಕೂಡಿಸಿ, ತಲೆ ಎತ್ತುವ ಹೊತ್ತಿಗೆ
ಬಿಸಿಲು ಆಗಲೇ ಮೆಟ್ಟಿಲ ಮೇಲೆ ಕೂತಿರುತ್ತೆ
ಬಾಕಿ ವಸೂಲಿಗೆ ಬಂದವರ ಹಾಗೆ.
ಯಾವಾಗ ಬಂತು, ಯಾವ ಕಡೆಯಿಂದ,
ಮುಖ ತೊಳೆದುಕೊಂಡು ಬಂತೋ ಇಲ್ಲವೋ,
ಇಪ್ಪತ್ತು ವರ್ಷದಿಂದ ನಾನು ನೋಡಿಲ್ಲ.

ನಂದಿ ಬೇಡ, ಅದು ಮೊದಲೇ ತೀರ್ಮಾನ.
ಅಲ್ಲಿ ಟಿಕೆಟ್ಟು, ಕಾರುಗಳ ಸಾಲು,
ಸೂರ್ಯನಿಗಿಂತ ಮುಂಚೆ ಬೆಳಗುವ ಫೋನುಗಳು.
ತಲಕಾಯಲ ಬೆಟ್ಟ ಸಾಕು.
ಎಷ್ಟು ಹತ್ತಬೇಕು?
ಪಿಳ್ಳಕ್ಕನ ಪ್ರಕಾರ ಅರ್ಧ ಗಂಟೆ,
ಅವಳ ಗಂಡನ ಪ್ರಕಾರ ಎರಡು ಬೀಡಿ,
ಗಂಗುಲಪ್ಪನ ಪ್ರಕಾರ ಅದು ಹತ್ತುವವರ ಮೇಲೆ.
ಗಂಗುಲಪ್ಪನದು ಆಟೋ.
ಅದರ ಲೈಟು ಗುಂಡಿಗೆ ಇಳಿದಾಗ ಮಾತ್ರ ಉರಿಯುತ್ತೆ.
ಹೋಗಿ ಬರಲು ಏಳುನೂರು,
ನಾಲ್ವರಾದರೆ ನೂರ ಎಪ್ಪತ್ತೈದು,
ಸರಿಯಾಗಿ ಅರ್ಧ ದಿನದ ಕೂಲಿ.
ಅಷ್ಟು ಕೊಟ್ಟ ಮೇಲೆ, ಅಂದಳು ಶಮಶಾದ್,
ತೂಕ ಹಾಕಿಸಿಕೊಂಡೇ ತರೋಣ.

ಹುಟ್ಟುವಾಗ ಅದು ನಮ್ಮ ಹಳದಿ ಗೂಡಿನ ಹಾಗೇ ಇರುತ್ತಂತೆ,
ಬಿಸಿನೀರಿಗೆ ಈಗಷ್ಟೇ ಬಿದ್ದದ್ದು,
ಮೆತ್ತಗೆ, ತುದಿ ಕಾಣದ್ದು.
ಪಿಳ್ಳಕ್ಕ ಚಿಕ್ಕವಳಿದ್ದಾಗ ನೋಡಿದ್ದಳಂತೆ.
ಹಾಗಾದರೆ ಒಳಗಿನ ಹುಳ?
ಕೇಳಿದ್ದು ಭಾರ್ಗವಿ, ಹೋದ ತಿಂಗಳು ಸೇರಿದವಳು.
ಯಾರೂ ಉತ್ತರ ಕೊಡಲಿಲ್ಲ.
ಚರಕ ತಿರುಗಿತು.

ಆಮೇಲೆ ಬುತ್ತಿ.
ಪುಳಿಯೋಗರೆ ಅಂದರೆ ರಾತ್ರಿಯೇ ಕಲಸಿಡಬಹುದು,
ಅವರೆಕಾಳು ಉಪ್ಪಿಟ್ಟು ಅಂದರೆ ಸುಲಿಯೋರು ಯಾರು?
ಸ್ವೆಟರು ಇಲ್ಲದವರು ಗಂಡನ ಶರಟು ಹಾಕೋದು.
ನಮ್ಮತ್ತೆಗೆ ಹೇಳಬೇಕಾದ್ದು: ದೇವರು.
ಶಮಶಾದಳ ಮನೆಯಲ್ಲಿ: ಅರ್ಜೆಂಟ್ ಲಾಟು.
ಭಾರ್ಗವಿ ನಿಜವನ್ನೇ ಹೇಳಿಬಿಟ್ಟಳು.
ಅವಳ ಅಮ್ಮ ನಂಬಲಿಲ್ಲ.

ಸೂರ್ಯನನ್ನು ನೋಡಲು ಸುಳ್ಳು ಯಾಕೆ ಬೇಕು,
ನನಗೂ ಗೊತ್ತಿಲ್ಲ.
ಆಸ್ಪತ್ರೆಗೆ, ಮದುವೆಗೆ, ಮಣ್ಣಿಗೆ ಹೊರಟರೆ
ಯಾರೂ ಯಾಕೆ ಅನ್ನೋದಿಲ್ಲ.
ನೋಡಿಕೊಂಡು ಬರ್ತೀನಿ ಅಂದರೆ
ನೋಡಿ? ಅಂತಾರೆ.
ನೋಡಿ ಏನು ಮಾಡ್ತೀಯ?

ಇವತ್ತು ಸಂಜೆ ಬಾಯ್ಲರ್ ಕೆಟ್ಟಿತು.
ನಾಳೆ ಕೆಲಸ ಇಲ್ಲ, ಅಂದು
ಅನ್ಸರ್ ಸಾಬ್ರು ತಲೆ ಮೇಲೆ ಕೈ ಹೊತ್ತು ಕೂತರು.
ನಾವು ನಾಲ್ವರು
ಮುಖದಲ್ಲಿ ಒಂದಿಷ್ಟು ದುಃಖ ಇಟ್ಟುಕೊಂಡು
ಒಬ್ಬರನ್ನೊಬ್ಬರು ನೋಡದೆ ಆಚೆ ಬಂದೆವು.
ಗೂಡು ಮಾರ್ಕೆಟ್ಟು ದಾಟಿದ ಮೇಲೆ ನಕ್ಕದ್ದು.
ಒಪ್ಪಂದ ಇಷ್ಟು: ಮೊದಲು ಎದ್ದವರು ಒಂದೇ ರಿಂಗು.
ಎತ್ತಬಾರದು. ಮನೆಯವರು ಏಳ್ತಾರೆ.

ಎರಡೂ ಮುಕ್ಕಾಲು.
ಎದ್ದೆ ಅನ್ನಲು ಮಲಗಿದ್ದು ಯಾವಾಗ?
ದಿಂಬಿನ ಕೆಳಗೆ ಕೈ, ಕೈಯಲ್ಲಿ ಫೋನು.
ರೇಷನ್ ಅಂಗಡಿಯ ಮಿಷನ್ನು ಗುರುತಿಸದ ಬೆರಳುಗಳಿಗೆ
ಅದು ಅದುರಿದ್ದು ಗೊತ್ತಾಯಿತು.
ಒಂದು ಸಲ.
ನಿಂತಿತು.

ಚಿಲಕಕ್ಕೆ ಸಂಜೆಯೇ ಎಣ್ಣೆ ಬಿಟ್ಟಿದ್ದೆ.
ಒಂದು ಚಪ್ಪಲಿ ಸಿಕ್ಕಿದೆ.
ಇನ್ನೊಂದನ್ನು ಕತ್ತಲಲ್ಲಿ
ಕಾಲಿನಿಂದ ಹುಡುಕುತ್ತಿದ್ದೇನೆ.