ನೀರ ಮೇಲಾದರೆ ಬಿಚ್ಚಿ

ಆಗಸ್ಟಿನಲ್ಲಿ ಜುಬೈಲಿನ ಬೆಳಗು ಐದಕ್ಕೇ
ಕಬ್ಬಿಣವೂ ಬೆವರುತ್ತದೆ.
ಬುಟ್ಟಿಯ ಬಾಗಿಲು ಒಳಕ್ಕೆ ತೆರೆಯುತ್ತದೆ,
ಹೊರಕ್ಕೆ ತೆರೆಯುವ ಬುಟ್ಟಿ ಹತ್ತಲೇಬೇಡಿ ಎಂದು
ಮೊದಲ ದಿನವೇ ಹೇಳಿದ್ದ ಸೇಫ್ಟಿಯ ರೊಮೆಲ್.

ಹಗ್ಗ ಎರಡು, ಕೊಂಡಿ ಎರಡು.
ಒಂದನ್ನು ಬುಟ್ಟಿಯ ಬಳೆಗೆ ಹಾಕು,
ಬಾಯಿ ಮುಚ್ಚಿತೇ ನೋಡು, ಜಗ್ಗು,
ಹೆಬ್ಬೆರಳೆತ್ತಿ ತೋರಿಸು.
ಆಮೇಲೆಯೇ ಕೆಳಗಿನಿಂದ ಸಿಗ್ನಲ್,
ಆಮೇಲೆಯೇ ಗುಲ್‌ಜಮೀನ್ ಖಾನ್
ಕ್ರೇನಿನ ಗಾಜುಗೂಡಲ್ಲಿ ಬಿಸ್ಮಿಲ್ಲಾ ಎನ್ನುವುದು.
ಮೇಲೆ ಹೋಗಿ ಅಟ್ಟಣಿಗೆಗೆ ದಾಟುವಾಗ
ಎರಡನೆಯದು ಅಲ್ಲಿ ಕಚ್ಚಿದ ಮೇಲೆ
ಮೊದಲನೆಯದನ್ನು ಬಿಡು.
ಯಾವ ಗಳಿಗೆಯಲ್ಲೂ ಒಂದು ಹಲ್ಲಾದರೂ
ಕಬ್ಬಿಣದಲ್ಲಿ ಊರಿರಬೇಕು.

ನನಗಿದು ತಡವಾಗಿ ಬಂದ ವಿದ್ಯೆ.
ಹೊನ್ನಾವರದ ಅಳಿವೆಯಲ್ಲಿ ಅಪ್ಪ ಕಲಿಸಿದ್ದು ಇದರ ಉಲ್ಟಾ:
ಬಲೆಯ ಹಗ್ಗ ಕಾಲಿಗೆ ಸುತ್ತದಂತೆ ನಿಲ್ಲು,
ಮೈಗೆ ಏನನ್ನೂ ಕಟ್ಟಿಕೊಳ್ಳಬೇಡ,
ಮುಳುಗುವ ದೋಣಿಗೆ ಜೊತೆ ಬೇಕಿರುತ್ತದೆ
ನೀನಾಗಬೇಡ.
ಅವನ ತಮ್ಮ ಸೋಮ ತಾಂಡೇಲ
ಲಂಗರಿನ ಹಗ್ಗದ ಸುರುಳಿಯೊಳಗೆ ಕಾಲಿಟ್ಟು
ಬೀಡಿ ಹಚ್ಚುತ್ತಿದ್ದವನು.
ಬೆಂಕಿಪೊಟ್ಟಣ ಮಾತ್ರ ದೋಣಿಯಲ್ಲಿ ಉಳಿಯಿತು.

ಹಾಗಾಗಿ ಮೊದಮೊದಲು
ಕ್ಲಿಕ್ ಎಂದಾಗೆಲ್ಲ ನನ್ನ ಎದೆ ಹಿಂಡುತ್ತಿತ್ತು.
ಹಸ್ತ ಬಹಾದುರ್ ನಗುತ್ತಿದ್ದ.
ರೋಲ್ಪಾದ ಬೆಟ್ಟದವನು, ಎತ್ತರವೇ ಅವನ ಅಂಗಳ.
ಎಂಬತ್ತು ಮೀಟರಿನಲ್ಲಿ, ಚಿಮಣಿಯ ಕುತ್ತಿಗೆಯ ಹತ್ತಿರ,
ಅಂಗೈಯಲ್ಲಿ ಖೈನಿ ತಿಕ್ಕುತ್ತ
ಗಾಳಿಗೆ ಪುಡಿ ಹಾರದಂತೆ ನನ್ನನ್ನೇ ಅಡ್ಡ ನಿಲ್ಲಿಸುತ್ತಿದ್ದ.
ನನ್ನ ಕೊಂಡಿಯನ್ನು ಅವನು ನೋಡುವುದು,
ಅವನದನ್ನು ನಾನು.
ಉಳಿದ ಮಾತೆಲ್ಲ ನಮ್ಮಿಬ್ಬರದೂ ಅರೆಬರೆ ಹಿಂದಿ.

ಏಳು ವರ್ಷ. ಈಗ ಕೈ ತಾನೇ ಹುಡುಕುತ್ತದೆ.
ರಜೆಗೆ ಹೋಗುವ ವಿಮಾನದಲ್ಲಿ
ಪಕ್ಕದವರ ಬೆಲ್ಟನ್ನೂ ಒಮ್ಮೆ ಜಗ್ಗಿ
ಬೈಸಿಕೊಂಡಿದ್ದೇನೆ.

ಕಳೆದ ಭಾನುವಾರ ಜೆಟ್ಟಿಯ ಕೆಲಸ.
ದಂಡೆಯಿಂದ ಎತ್ತಿ, ನೀರಿನ ಮೇಲೆ ಹಾಯಿಸಿ,
ದೂರದ ಕಂಬದ ತಲೆಗೆ ಇಳಿಸುವುದು.
ಕಿತ್ತಳೆ ಬಣ್ಣದ ಜಾಕೆಟ್ ಕೊಟ್ಟರು.
ರೊಮೆಲ್ ಬುಟ್ಟಿಯೊಳಕ್ಕೆ ತಲೆ ಹಾಕಿ ಹೇಳಿದ:
ಇವತ್ತು ಹುಕ್ ಬೇಡ. ನೀರ ಮೇಲಾದರೆ ಬಿಚ್ಚಿ.
ಬಿದ್ದರೆ ಬುಟ್ಟಿ ಮುಳುಗಲಿ, ನೀವು ತೇಲಿ.

ಅಪ್ಪನೇ ಬಂದು ಮಾತಾಡಿದ ಹಾಗಾಯಿತು
ಬಿಳಿ ಹೆಲ್ಮೆಟ್ಟು ಹಾಕಿಕೊಂಡು, ಮುರುಕು ಹಿಂದಿಯಲ್ಲಿ.
ಬಿಚ್ಚಿದೆ. ಮೈ ಹಗುರಾಯಿತು,
ಏಳು ವರ್ಷದಲ್ಲಿ ಮೊದಲ ಸಲ.

ಹಸ್ತನೂ ಬಿಚ್ಚಿದ. ಹೆಬ್ಬೆರಳೆತ್ತಿ ತೋರಿಸಿದ.
ಬುಟ್ಟಿ ನೆಲ ಬಿಟ್ಟಿತು.
ಕೆಳಗೆ ತೆಳು ಹಸಿರು ನೀರು, ಎಣ್ಣೆಯ ಏಳು ಬಣ್ಣ.
ಒಂದು ಆಮೆ ತಲೆ ಎತ್ತಿ, ನಮ್ಮನ್ನು ಒಲ್ಲೆನೆಂದು ಮುಳುಗಿತು.
ನೋಡೋ ಎಂದು ತಿರುಗಬೇಕು ಅನ್ನುವಷ್ಟರಲ್ಲಿ
ನನ್ನ ಬೆಲ್ಟಿನ ಎಡಬದಿಯ ಬಳೆಯಲ್ಲಿ
ಕ್ಲಿಕ್.

ಬೆಟ್ಟದವನಿಗೆ ಈಜು ಬರುವುದಿಲ್ಲ.
ನಾನು ಕೇಳಿಯೇ ಇರಲಿಲ್ಲ.

ಮುಳುಗುವವನು ಹಿಡಿದರೆ ಹಿಡಿತ ಎಂಥದೆಂದು
ಆ ಬುಟ್ಟಿಯಲ್ಲಿ ನನಗಲ್ಲದೆ ಇನ್ನಾರಿಗೆ ಗೊತ್ತು?
ಕೈ ಬಳೆಯ ತನಕ ಹೋಯಿತು.
ಕೊಂಡಿ ಒದ್ದೆಯಾಗಿತ್ತು,
ಎಷ್ಟು ಹೊತ್ತಿನಿಂದ ಮುಷ್ಟಿಯಲ್ಲಿತ್ತೋ.
ಗಾಳಿ ನಮ್ಮನ್ನು ಕಾಲು ಸುತ್ತು ತಿರುಗಿಸಿತು,
ಖಾನ್ ನಿಧಾನಿಸಿದ.
ಹಸ್ತ ಎತ್ತಲೋ ನೋಡುತ್ತಿದ್ದ.

ಬಾಯಿ ಮುಚ್ಚಿದೆಯೇ ಎಂದು
ಬೆರಳಲ್ಲಿ ತಡವಿ ನೋಡಿದೆ.
ಮುಚ್ಚಿತ್ತು.
ಒಮ್ಮೆ ಜಗ್ಗಿದೆ.

ದಂಡೆಯಲ್ಲಿ ಸಣ್ಣಗಾಗುತ್ತಿದ್ದ ರೊಮೆಲ್
ಎಲ್ಲ ಸರಿಯೇ ಎಂದು ಕೈಯೆತ್ತಿ ಕೇಳಿದ.
ನಾನು ಹೆಬ್ಬೆರಳು ತೋರಿಸಿದೆ.