ಹದಿನಾಲ್ಕನೇ ಸಾಲು, ಮೂವತ್ತೇಳನೇ ಮರ

ಯಾರೂ ಕಡಿಯದಿರಲೆಂದು ಕೆಂಪು ಪಟ್ಟಿ ಕಟ್ಟಿದ್ದೇವೆ.
ರೆಂಗೊ ಊರಾಚೆ, ಕಾಲುವೆ ಹೊರಳುವಲ್ಲಿ,
ಹದಿನಾಲ್ಕನೇ ಸಾಲು, ಮೂವತ್ತೇಳನೇ ಮರ.
ಜನವರಿಯ ಬಿಸಿಲಿಗೆ ಅಕ್ಕಪಕ್ಕದ ಪೀಚುಗಳೆಲ್ಲ
ತೊಟ್ಟು ಸಡಿಲಿಸಿ ಬುಟ್ಟಿಗಿಳಿದವು.
ಇದರವು ಇಳಿಯಲಿಲ್ಲ.
ಮಾರ್ಚಿಯಲ್ಲಿ ದ್ರಾಕ್ಷಿ ಕೊಯ್ಯುವವರು ಹಾದುಹೋದರು.
ಮೇ ಕೊನೆಗೆ ಎಲೆಯೂ ಉದುರಿ
ಬೋಳು ಕೊಂಬೆ ತುಂಬ ಕಾಯಿ,
ಆಂಡಿಸ್ ಮೇಲಿನ ಹೊಸ ಹಿಮದೆದುರು
ಹಸಿರಾಗಿ, ಗಟ್ಟಿಯಾಗಿ, ಸುಮ್ಮನೆ.

ಅಪ್ಪನ ಕಡೆಯಿಂದ ಬಂದದ್ದೂ ಹರಿದ ಹಾಳೆ,
ಅಮ್ಮನ ಕಡೆಯದೂ ಅದೇ ಜಾಗದಲ್ಲಿ ಹರಿದದ್ದು.
‘ಇನ್ನು ಮಾಗು’ ಎಂಬ ಸಾಲೇ ಇದರ ಪುಸ್ತಕದಲ್ಲಿಲ್ಲ.
ಎಥಿಲೀನ್ ತುಂಬಿದ ಡಬ್ಬಿಯಲ್ಲಿಟ್ಟು ನೋಡಿದೆವು,
ಕಿವುಡನ ಮನೆಯ ಕದ ತಟ್ಟಿದ ಹಾಗಾಯಿತು.
ಕಾಯುವುದಕ್ಕೇ ಕಾಯಿ ಅನ್ನುತ್ತಾರೇನೋ.
ಆದರೆ ಒಂದೇ ಹಾಳೆ ಹರಿದು ಇನ್ನೊಂದು ಉಳಿದರೆ
ಹಣ್ಣು ತಡೆದು ತಡೆದು ಮಾಗುತ್ತದೆ.
ನಮಗೆ ಬೇಕಾದದ್ದು ಅಷ್ಟೇ, ಆ ತಡ,
ಒಂದು ಹಡಗು ದಡ ಸೇರುವಷ್ಟು.

ಹಡಗು ನಮ್ಮಲ್ಲೇ ಇದೆ. ಮೂರನೇ ನಂಬರಿನ ತಂಪುಕೋಣೆ.
ನಾಲ್ಕು ಡಿಗ್ರಿಯಲ್ಲಿ ನಲವತ್ತು ದಿನ, ಕತ್ತಲೆ, ಫ್ಯಾನಿನ ಸದ್ದು:
ಪೆಸಿಫಿಕ್ ಸಾಗರವನ್ನು ಗೋಡೆಯೊಳಗೇ ದಾಟಿಸುತ್ತೇವೆ.
ಹೊರಬಂದ ಹಣ್ಣಿನ ಮೈಬಣ್ಣ ನಂಬುವ ಹಾಗಿಲ್ಲ.
ಕಚ್ಚಿದರೆ ರಸವಿಲ್ಲ, ಒದ್ದೆ ಉಣ್ಣೆ;
ಇಲ್ಲಿಯವರು ಹಿಟ್ಟು ಅನ್ನುತ್ತಾರೆ.

ಕಚ್ಚುವವನು ಬೆಲಿಸಾರಿಯೊ ವೆನೆಗಾಸ್.
ಇಪ್ಪತ್ತಾರು ಬೇಸಿಗೆ ಹಣ್ಣಿಗೆ ಅಂಕ ಹಾಕಿದ ನಾಲಗೆ.
ಮೂರು ವರ್ಷದ ಹಿಂದೆ ಒಂದು ಜ್ವರ ಬಂದು
ಹೋಗುವಾಗ ಮೂಗನ್ನೂ ಕರೆದುಕೊಂಡು ಹೋಯಿತು.
ಕಾಫಿಯೂ ಬಿಸಿನೀರೂ ಒಂದೇ ಆಯಿತು ಅವನಿಗೆ.
ನಿರ್ದೇಶಕರಿಗೆ ಅವನು ಹೇಳಲಿಲ್ಲ,
ನಾನೂ ಹೇಳಲಿಲ್ಲ.

ಈಗ ಕಿವಿಯಿಂದ ಕಚ್ಚುತ್ತಾನೆ.
ರಸವಿದ್ದರೆ ಹಲ್ಲಿನ ಕೆಳಗೊಂದು ಸದ್ದು.
‘ಇದು ಮಾತಾಡೋದಿಲ್ಲ’ ಎಂದು ಬಕೆಟ್ಟಿಗೆ ಉಗಿಯುತ್ತಾನೆ.
ನಾನು ಹಿಂಡಿ, ತೂಗಿ, ಬರೆದ ಅಂಕಿ
ಅವನ ಅಂಕಿಗೆ ಎಂದೂ ಇಲ್ಲದಷ್ಟು ಹೊಂದುತ್ತದೆ.
ಉಳಿಯುವುದು ಪರಿಮಳದ ಕಾಲಂ.
‘ಹೇಳು ನೆಲ್ದಾ, ಏನಿದೆ?’
ಕೊಯ್ದ ಕುದುರೆಮಸಾಲೆ ಹುಲ್ಲು, ಅನ್ನುತ್ತೇನೆ. ಒಡೆದ ಬಾದಾಮಿ.
ಬಿಸಿಲಿಗಿಟ್ಟ ಮರದ ಪೆಟ್ಟಿಗೆ.
‘ಜೇನು?’
ಇದ್ದ ಹಾಗಿದೆ.
‘ಇದ್ದ ಹಾಗಿದ್ದರೆ ಆರು. ಇದ್ದರೆ ಎಂಟು. ಸರಿಯಾಗಿ ಮೂಸು.’
ಮತ್ತೆ ಮೂಸುತ್ತೇನೆ. ನನ್ನ ಉಸಿರು, ಅವನ ನೆನಪು,
ಇಬ್ಬರಿಂದ ಒಂದು ಅಂಕ.

ಸೆಪ್ಟೆಂಬರಿನಲ್ಲಿ ಏಣಿಯೇರಿ
ಮೂವತ್ತೇಳರ ಮೊಗ್ಗು ಬಿಡಿಸುತ್ತೇವೆ,
ಪರಾಗ ಒಣಗಿಸಿ ಸೀಸೆಗೆ ತುಂಬುತ್ತೇವೆ,
ಬೇರೆ ಮರದ ಹೂಗಳಿಗೆ ಕುಂಚದಿಂದ ಸವರುತ್ತೇವೆ.
ತಾನು ಎಂದೂ ಹಣ್ಣಾಗದ್ದು
ಮಕ್ಕಳಿಗೆಲ್ಲ ಅರ್ಧ ತಡವನ್ನು ಕೊಡುತ್ತದೆ.
ಓಟೆ ಒಡೆದು, ಬೀಜ ಬಿತ್ತಿ, ಮೂರು ವರ್ಷ.
ಈ ಕೆಲಸದಲ್ಲಿ ಯಾರೂ ಅವಸರದವರಲ್ಲ,
ಅಥವಾ ಅವಸರದವರು ಸೇಬಿಗೆ ಹೋದರು.

ಜೂನ್, ಮಂಜು ಬಿದ್ದ ಬೆಳಿಗ್ಗೆ,
ಬೇಡವೆಂದರೂ ಅದರದೊಂದು ಕಾಯಿ ಕಿತ್ತ.
ಅಂಗಿಗೆ ಒರೆಸಿ ಕಚ್ಚಿದ:
ಸೌದೆ ಸೀಳಿದ ಸದ್ದಿಗೆ ಕಾಲುವೆಯ ಹಕ್ಕಿ ಹಾರಿತು.
‘ಮಾತಾಡ್ತಿದೆ! ಹೇಳು, ಏನಿದೆ?’
ನಾನು ಮೂಸಿದೆ. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದೆ.
ಏನೂ ಇಲ್ಲ, ಬೆಲಿಸಾರಿಯೊ.
‘ಏನೇನೂ?’
ಏನೇನೂ.
ಅಗಿಯುವುದನ್ನು ನಿಲ್ಲಿಸಿ ನಕ್ಕ.
‘ಹಾಗಾದರೆ ನನಗೆ ಸರಿಯಾಗಿಯೇ ತಿಳೀತು.’

ಪುಸ್ತಕ ನನ್ನ ಕೈಯಿಂದ ಇಸಿದುಕೊಂಡು
ಪರಿಮಳದ ಕಾಲಮ್ಮಿನಲ್ಲಿ ತಾನೇ ಬರೆದ,
ದುಂಡಗೆ, ದೊಡ್ಡದಾಗಿ, ಸೊನ್ನೆ.